ಬೀರುವಿನೊಳಗಿನ ಹಸಿದ ದನಿ

ಕಿಟಕಿಗೆ ಇನ್ನೂ ಬೆಳಕು ಬಂದಿಲ್ಲ. ಬಟ್ಟೆ ಬೀರುವಿನೊಳಗೆ, ಹೊರಗಿನ ಸದ್ದು ತಡೆಯಲೆಂದು ತೂಗುಹಾಕಿದ ದಪ್ಪ ದಪ್ಪ ಉಣ್ಣೆಯ ಕೋಟುಗಳ ನಡುವೆ, ಪುಟ್ಟ ಸ್ಟೂಲಿನ ಮೇಲೆ ಮೊಣಕಾಲು ಮಡಚಿ ಕೂತಿರುವ ಈಕೆಗೆ ಐವತ್ತು ದಾಟಿದೆ. ಬಾಯಿಗೆ ಒಂದು ಗೇಣು ದೂರದಲ್ಲಿ ಮೈಕು, ಮೊಣಕಾಲ ಮೇಲೆ, ಪುಟ್ಟ ದೀಪದ ಬೆಳಕಿನಲ್ಲಿ, ಪುಸ್ತಕದ ಬಿಡಿ ಹಾಳೆಗಳು. ಬೀರುವಿನ ಬಾಗಿಲಾಚೆ ನೆಲದ ಮೇಲೆ, ಹೆಡ್‌ಫೋನ್ ಏರಿಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತವನು ಧ್ವನಿಮುದ್ರಣದವನು. ಸೂಜಿ ಬಿದ್ದರೆ ಅದು ಯಾವ ನಂಬರಿನ ಸೂಜಿ ಎಂದು ಹೇಳಬಲ್ಲನೆಂದು ಎಲ್ಲರೂ ಇವನನ್ನು ಕಿವಿಯಣ್ಣ ಎಂದೇ ಕರೆಯುತ್ತಾರೆ. ಇವತ್ತು ಇಬ್ಬರ ಮುಖದಲ್ಲೂ ನಗುವಿಲ್ಲ.

“ಅಕ್ಕ, ಇವತ್ತಾದ್ರೂ ಅಳಬೇಡಿ,” ಎನ್ನುತ್ತಾನೆ ಕಿವಿಯಣ್ಣ.

“ನಾನೇನು ಬೇಕು ಅಂತ ಅಳ್ತೀನಾ?” ಎಂಬ ಉತ್ತರ ಕೋಟುಗಳ ನಡುವಿನಿಂದ ಮೆತ್ತಗೆ ಬರುತ್ತದೆ.

ಈಕೆ ಕಿವಿಯಲ್ಲಿ ಕೇಳುವ ಪುಸ್ತಕಗಳನ್ನು ಓದುವವಳು. ಅಂಗೈಯಲ್ಲಿ ಬೆಂಕಿ ಹಿಡಿದು ಹಿಮದ ಸೈನ್ಯವನ್ನು ಅಟ್ಟುವ ಹುಡುಗನೊಬ್ಬನ ಕಥೆಯನ್ನು ಹದಿಮೂರು ಹದಿನಾಲ್ಕರ ಮಕ್ಕಳು ಬಸ್ಸಿನಲ್ಲಿ, ಹೊದಿಕೆಯೊಳಗೆ, ಪಾಠದ ಪುಸ್ತಕ ಅಡ್ಡ ಹಿಡಿದು ಕೇಳುತ್ತಾರಲ್ಲ, ಆರು ಸಂಪುಟಗಳಲ್ಲೂ ಆ ಬೆಂಕಿಹುಡುಗನ ದನಿ ಈಕೆಯದೇ. ಮುಖಪುಟದಲ್ಲಿ ಲೇಖಕಿಯ ಹೆಸರಿದೆ, ಚಿತ್ರ ಬರೆದವನ ಹೆಸರಿದೆ, ಈಕೆಯದಿಲ್ಲ. ಎಲೆಮರೆಯ ಕಾಯಿ ಎನ್ನುವುದುಂಟು. ಈಕೆಯನ್ನು ಕೋಟುಮರೆಯ ಕಾಯಿ ಎನ್ನಬೇಕು.

ಬೆಳಗಿನ ಜಾವವೇ ಏಕೆಂದರೆ, ಆಮೇಲೆ ಕಟ್ಟಡದ ನೀರಿನ ಪಂಪು ಗೊರಗುಟ್ಟುತ್ತದೆ, ಕಸದ ಗಾಡಿ ಬರುತ್ತದೆ, ಮೇಲಿನ ಮನೆಯ ಮಗು ಓಡಾಟ ಶುರುಮಾಡುತ್ತದೆ. ಫ್ಯಾನು ಹಾಕುವಂತಿಲ್ಲ, ಬಳೆ ತೊಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ, ಬರಿಹೊಟ್ಟೆಯಲ್ಲಿ ಕೂರುವಂತಿಲ್ಲ. ಮೈಕಿಗೆ ಮಾತು ಬೇರೆ, ಹೊಟ್ಟೆಯ ಗುಡುಗುಡು ಬೇರೆ ಎಂಬ ಭೇದವಿಲ್ಲ. ಅದಕ್ಕೇ ದಿನವೂ ಒಂದು ಬಾಳೆಹಣ್ಣು, ಒಂದು ಲೋಟ ಬಿಸಿನೀರು. ಇವತ್ತು ಬಾಳೆಹಣ್ಣು ಸಿಪ್ಪೆಯ ಸಮೇತ ಮೇಜಿನ ಮೇಲೇ ಉಳಿದಿದೆ. ಆತಂಕಕ್ಕೆ ಗಂಟಲಲ್ಲಿ ಏನೂ ಇಳಿದಿಲ್ಲ.

ಆತಂಕಕ್ಕೆ ಕಾರಣವಿದೆ. ಏಳನೆಯ ಸಂಪುಟ ಹಿಂದಕ್ಕೆ ಹೋಗಿ ಬೆಂಕಿಹುಡುಗನ ಬಾಲ್ಯವನ್ನು ಹೇಳುತ್ತದೆ. ತಬ್ಬಲಿ ಹುಡುಗ, ಸೋದರಮಾವನ ಹಿಟ್ಟಿನ ಗಿರಣಿ. ಮನೆಯ ಬಾಗಿಲು ಕಿಟಕಿಗಳ ಮೇಲೆಲ್ಲ ಹಿಟ್ಟು. ಅವನ ತಟ್ಟೆಗೆ ಮಾತ್ರ ಎಲ್ಲರದ್ದೂ ಮುಗಿದ ಮೇಲೆ ಉಳಿದದ್ದು. ಈ ಒಂದು ಅಧ್ಯಾಯದ ಧ್ವನಿಮುದ್ರಣವನ್ನು ಪ್ರಕಾಶಕರು ಎರಡು ಸಲ ವಾಪಸು ಕಳಿಸಿದ್ದಾರೆ. ಇವತ್ತೂ ಸರಿಹೋಗದಿದ್ದರೆ ಬೆಂಕಿಹುಡುಗ ಬೇರೆಯವರ ದನಿಗೆ ಹೋಗುತ್ತಾನೆ. ಆರು ಸಂಪುಟ ಸಾಕಿ ಬೆಳೆಸಿದ ಹುಡುಗನನ್ನು ಪರರ ಕೈಗೆ ಕೊಡುವುದು ಈಕೆಯಿಂದ ಆಗದ ಮಾತು.

ತಪ್ಪು ತನ್ನದೇ ಎಂದು ಈಕೆ ಒಪ್ಪುತ್ತಾಳೆ. ಲೇಖಕಿ ಬರೆದ ಹುಡುಗ ಅಳುವುದಿಲ್ಲ. ಹಸಿದಷ್ಟೂ ಅವನು ಒಳ್ಳೆಯವನಾಗುತ್ತಾನೆ. ಕೇಳದೆಯೇ ಪಾತ್ರೆ ತೊಳೆಯುತ್ತಾನೆ, ಬೈದರೂ ನಗುತ್ತಾನೆ, ಊಟದ ಹೊತ್ತಿಗೆ ಬೇಕೆಂದೇ ಹೊರಗೆ ನಿಲ್ಲುತ್ತಾನೆ. ಹೀಗಿದ್ದರೂ ಎರಡು ಸಲವೂ ಈಕೆ ಗದ್ಗದ ತುಂಬಿ, ಮೂಗೆಳೆದು, ಬೀದಿನಾಟಕದವರ ಹಾಗೆ ಓದಿದ್ದಾಳೆ.

“ಅಂಗೈಯಲ್ಲಿ ಬೆಂಕಿ ಹೊತ್ತೋದು ಸುಳ್ಳು ಅಂತ ಮಕ್ಕಳಿಗೆ ಗೊತ್ತು. ಆದ್ರೂ ಇಷ್ಟಪಟ್ಟು ಕೇಳ್ತಾರೆ. ಹಸಿವು ಸುಳ್ಳಾದ್ರೆ ಮಾತ್ರ ಸಹಿಸಲ್ಲ. ಹಸಿದಿರೋ ಮಗು ಒಂದಾದ್ರೂ ಕೇಳ್ತಾ ಇರುತ್ತಲ್ಲ, ಅದು ಥಟ್ ಅಂತ ಹಿಡಿದುಬಿಡುತ್ತೆ,” ಎನ್ನುತ್ತಾಳೆ ಈಕೆ. ಇಷ್ಟು ತಿಳಿದವಳು ಹಾಗೇಕೆ ಓದಿದಳು ಎಂದರೆ ಬೀರುವಿನ ಹಿಂದಿನ ಗೋಡೆಯತ್ತ ಕಣ್ಣು ಹಾಯಿಸುತ್ತಾಳೆ.

ಗೋಡೆಗೂ ಕಿವಿಯಿದೆ ಎಂಬುದು ಈ ಮನೆಯಲ್ಲಿ ಬರಿಯ ಗಾದೆಯಲ್ಲ. ಆಚೆ ಕೋಣೆಯಲ್ಲಿ, ಅದೇ ಗೋಡೆಗೆ ಒತ್ತಿದ ಮಂಚದಲ್ಲಿ, ಸೊಂಟ ಮುರಿದ ಮುದುಕಿಯೊಬ್ಬರು ಮಲಗುತ್ತಾರೆ. ಅವರು ಈಕೆಯ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿ. ಜಾವಕ್ಕೇ ಎಚ್ಚರವಾಗುವ ಅವರಿಗೆ ಊರುಗೋಲಿಲ್ಲದೆ ನಡೆಯಲಾಗದಷ್ಟು ಕಾಲು ಸೋತಿದೆ, ಕಿವಿ ಸೋತಿಲ್ಲ.

ಅಪ್ಪ ಅಮ್ಮನನ್ನು ಕಳೆದುಕೊಂಡು ಈಕೆ ಚಿಕ್ಕಪ್ಪನ ಮನೆ ಸೇರಿದಾಗ ಎರಡನೆಯ ಕ್ಲಾಸು. ಹಂಗಿನ ಅನ್ನ ಅಂದರೇನೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಎಲ್ಲರೂ ಎದ್ದ ಮೇಲೆ ಕೂರುವುದು, ಪಾತ್ರೆಯ ತಳಕ್ಕೆ ಸೌಟು ತಾಗುವ ಸದ್ದು ಕೇಳಿದ ಕೂಡಲೇ ಸಾಕು ಎನ್ನುವುದು ತಾನಾಗಿ ಬಂತು. ಶಾಲೆಯಲ್ಲಿ ಎಲ್ಲರೂ ಮೌನವಾಗಿ ನಿಂತಾಗ ಈಕೆಯ ಹೊಟ್ಟೆ ಮಾತಾಡುತ್ತಿತ್ತು. ಮಕ್ಕಳು ‘ಗುಡುಗಮ್ಮ’ ಎಂದು ಹೆಸರಿಟ್ಟರು. ಮೊಣಕಾಲು ಮಡಚಿ ಹೊಟ್ಟೆಗೆ ಒತ್ತಿಕೊಂಡರೆ ಸದ್ದು ಅಡಗುತ್ತದೆಂದು ಕಂಡುಕೊಂಡದ್ದು ಆಗಲೇ. ಬೀರುವಿನಲ್ಲಿ ಇವತ್ತಿಗೂ ಕೂರುವುದು ಹಾಗೆಯೇ.

“ಚಿಕ್ಕಮ್ಮ ರಾಕ್ಷಸಿ ಏನಲ್ಲ. ಹೊಡೆದಿಲ್ಲ, ಬಡಿದಿಲ್ಲ. ಮೂರು ಮಕ್ಕಳಿಗೇ ಸಾಲದ ಮನೆಗೆ ನಾನು ನಾಲ್ಕನೆಯವಳು,” ಎನ್ನುತ್ತಾಳೆ. ಆ ಮೂವರೂ ತಾಯಿಯನ್ನು ಇಟ್ಟುಕೊಳ್ಳದಿರಲು ಒಂದೊಂದು ನೆಪ ಹೇಳಿದಾಗ, ಆಸ್ಪತ್ರೆಯಿಂದ ಕರೆತಂದವಳು ಇವಳೇ. ಗಿರಣಿಯ ಹುಡುಗನ ಕಥೆಯನ್ನು ಇದ್ದ ಹಾಗೆ ಓದಿದರೆ ಗೋಡೆಯಾಚೆ ಅದು ಚುಚ್ಚುಮಾತಾಗಿ ಕೇಳೀತು ಎಂಬುದೇ ಭಯ. ಅದಕ್ಕೇ ಅಳು ಬೆರೆಸಿ, ಕಥೆಯನ್ನು ಬರಿಯ ಕಥೆ ಮಾಡಿಬಿಡುತ್ತಾಳೆ. ಒಂದು ಕಡೆ ಹುಡುಗ, ಇನ್ನೊಂದು ಕಡೆ ಮುದುಕಿ, ಯಾರನ್ನು ಉಳಿಸಿಕೊಳ್ಳಬೇಕು?

“ಶುರು,” ಎನ್ನುತ್ತಾನೆ ಕಿವಿಯಣ್ಣ. ಯಂತ್ರದ ಕೆಂಪು ದೀಪ ಹೊತ್ತುತ್ತದೆ.

ಈಕೆ ಓದುತ್ತಾಳೆ. ಗಿರಣಿಯ ಕಲ್ಲು ನಿಂತಿದೆ. ಮಾವ ಕೈ ತೊಳೆದು ಹೋಗಿದ್ದಾನೆ. ಅತ್ತೆ ಪಾತ್ರೆಯ ತಳ ಕೆರೆಯುತ್ತ ಬೆನ್ನು ತಿರುಗಿಸಿಯೇ ಕೇಳುತ್ತಾಳೆ, ನಿನಗೂ ಬೇಕೇನೋ? ಹುಡುಗ ಪಾತ್ರೆಯ ಕಡೆ ನೋಡುವುದಿಲ್ಲ. ಮುಂದಿನ ಸಾಲಿನಲ್ಲಿರುವುದು ಎರಡೇ ಪದ. ಎರಡು ಸಲವೂ ದನಿ ಒಡೆದದ್ದು ಅಲ್ಲಿಯೇ. ಈಕೆ ಉಸಿರು ಬಿಗಿಹಿಡಿದು ಓದು ನಿಲ್ಲಿಸುತ್ತಾಳೆ.

ಆ ಮೌನದಲ್ಲಿ ಹೊಟ್ಟೆ ಗುಡುಗುತ್ತದೆ. ಉದ್ದಕ್ಕೆ, ಸ್ಪಷ್ಟವಾಗಿ, ಮೊಣಕಾಲಿಗೂ ಬಗ್ಗದೆ.

ಕಿವಿಯಣ್ಣ ನಿಲ್ಲಿಸಲು ಗುಂಡಿಯ ಮೇಲೆ ಬೆರಳಿಡುತ್ತಾನೆ. ಅಷ್ಟರಲ್ಲಿ ಊರುಗೋಲಿನ ಸದ್ದು. ಎರಡು ದಿನದಿಂದ ಗೋಡೆಯಾಚೆ ಸುಮ್ಮನಿದ್ದ ಚಿಕ್ಕಮ್ಮ ಕೋಣೆಯ ಬಾಗಿಲಿಗೇ ಬಂದು ನಿಂತಿದ್ದಾರೆ. ಕೈಯಲ್ಲಿ ಮೇಜಿನ ಮೇಲಿದ್ದ ಬಾಳೆಹಣ್ಣು.

“ಏನೂ ತಿಂದಿಲ್ವೇನೆ? ಹಸಿವಾಗಿಲ್ವಾ ನಿಂಗೆ?”

“ನಂಗೆ ಹಸಿವಿಲ್ಲ.”

ಯೋಚಿಸಿ ಆಡಿದ ಮಾತಲ್ಲ. ಅಳುವಿಲ್ಲ, ಮುನಿಸಿಲ್ಲ, ಒಂದಿಷ್ಟು ನಗುವೇ ಇದೆ. ಒಳ್ಳೆಯ ಮಗುವಿನ ದನಿ. ಪುಸ್ತಕದಲ್ಲಿ ಬರೆದಿದ್ದ ಆ ಎರಡು ಪದಗಳು, ಬರೆದಿದ್ದ ಹಾಗೆಯೇ. ಕಿವಿಯಣ್ಣನ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿದೆ. ಕೆಂಪು ದೀಪ ಇನ್ನೂ ಉರಿಯುತ್ತಿದೆ.

ಬೀರುವಿನ ಬಾಗಿಲು ತೆರೆಯುತ್ತದೆ. ಚಿಕ್ಕಮ್ಮ ಈಕೆಯ ಮಡಚಿದ ಮೊಣಕಾಲುಗಳನ್ನೇ ನೋಡುತ್ತಾರೆ.

“ಆಗ್ಲೂ ಹಿಂಗೇ ಅಂತಿದ್ದೆ,” ಎನ್ನುತ್ತಾರೆ. “ನಂಬ್ದೋಳ ಥರ ಇದ್ಬಿಡ್ತಿದ್ದೆ ನಾನು. ನಂಬಿರ್ಲಿಲ್ಲ ಕಣೆ.”

ಈಕೆ ಆಗ ಅಳುತ್ತಾಳೆ. ಎರಡು ದಿನ ಮೈಕಿನ ಮುಂದೆ ಅತ್ತ ಅಳುವಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಚಿಕ್ಕಮ್ಮ ಹಣ್ಣು ಸುಲಿದು ಕೊಡುತ್ತಾರೆ. ಈಕೆ ಬೇಡ ಎನ್ನದೆ ತೆಗೆದುಕೊಂಡು, ಬೀರುವಿನಲ್ಲಿ ಕೂತೇ ತಿನ್ನುತ್ತಾಳೆ. ಕಿವಿಯಣ್ಣ ಹೆಡ್‌ಫೋನನ್ನು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತಾನೆ.

“ಅಕ್ಕ, ಆ ಮಾತು ಸಿಕ್ಕಿದೆ. ಅಜ್ಜಿ ಮಾತು ತೆಗೆದು ಅದನ್ನ ಮಾತ್ರ ಕೂರಿಸ್ತೀನಿ,” ಎನ್ನುತ್ತಾನೆ ಕೊನೆಗೆ. “ಆದ್ರೆ ಕೇಳದೆ ಮಾಡಲ್ಲ.”

ಈಕೆ ಚಿಕ್ಕಮ್ಮನ ಮುಖ ನೋಡುತ್ತಾಳೆ. “ಊರವರೆಲ್ಲ ಕೇಳ್ತಾರೇನಪ್ಪ ಇದನ್ನ?” ಎನ್ನುತ್ತಾರೆ ಅವರು. ಕೇಳ್ತಾರೆ ಅಜ್ಜಿ, ಎನ್ನುತ್ತಾನೆ ಕಿವಿಯಣ್ಣ. ಚಿಕ್ಕಮ್ಮ ಊರುಗೋಲನ್ನು ತಿರುಗಿಸಿ ತಮ್ಮ ಕೋಣೆಯತ್ತ ಹೊರಡುತ್ತಾರೆ. “ಕೇಳ್ಲಿ. ಮುಂದೇನಾಯ್ತು ಆ ಹುಡುಗಂಗೆ, ಓದು. ಜೋರಾಗಿ ಓದು, ಗೋಡೆ ಅಡ್ಡ ಇದೆ.”

ಉಳಿದ ಅಧ್ಯಾಯ ಪಂಪು ಶುರುವಾಗುವ ಮೊದಲೇ ಮುಗಿಯುತ್ತದೆ. ಮಧ್ಯಾಹ್ನ ಪ್ರಕಾಶಕರಿಂದ ಒಪ್ಪಿಗೆ ಬರುತ್ತದೆ. ಬೆಂಕಿಹುಡುಗ ಈಕೆಯ ಬಳಿಯೇ ಉಳಿಯುತ್ತಾನೆ. ಒಪ್ಪಿಗೆಯ ಜೊತೆಗೆ ಒಂದು ಸೂಚನೆಯೂ ಇದೆ: ಆ ಸಾಲಿಗೆ ಮೊದಲು ಏನೋ ಗುಡುಗುಡು ಸದ್ದು, ಅಳಿಸಿಬಿಡಿ.

ಮುಖಪುಟದಲ್ಲಿ ತನ್ನ ಹೆಸರು ಬೇಕೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದವಳು ಈ ಸಲ ತಾನೇ ಫೋನ್ ಎತ್ತಿಕೊಳ್ಳುತ್ತಾಳೆ.

“ನನ್ನ ಹೆಸರು ಎಲ್ಲೂ ಹಾಕ್ಬೇಡಿ ಸಾರ್, ಪರವಾಗಿಲ್ಲ. ಆ ಸದ್ದು ಮಾತ್ರ ಇರ್ಲಿ,” ಎನ್ನುತ್ತಾಳೆ. “ಅದು ಹುಡುಗನದು.”