ಹದಿಮೂರರ ಮಗ್ಗಿಯ ಕೀರ್ತನೆ

ಪ್ರತಿ ಶನಿವಾರ ಮಧ್ಯಾಹ್ನ ಪಾಸ್ಟರು ಮರುದಿನದ ಆರಾಧನೆಗೆ ಹಾಡಬೇಕಾದ ಕೀರ್ತನೆಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಟೀಚರಜ್ಜಿಯ ಮನೆಗೆ ಕಳಿಸುತ್ತಿದ್ದರು. ಚರ್ಚಿನಲ್ಲಿ ಆರ್ಗನ್ ನುಡಿಸುವವರು ಟೀಚರಜ್ಜಿ. ಚೀಟಿಯಲ್ಲಿ ನಲವತ್ತೆರಡು ಅಂತ ಇದ್ದರೆ ಅಜ್ಜಿ ಅದನ್ನು ಕೆಂಪು ಇಂಕಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ಸಂಖ್ಯೆ ಬರೆದು ವಾಪಸ್ಸು ಕಳಿಸುವರು. ಪಾಸ್ಟರ ಅಕ್ಷರದಲ್ಲಿ ಒತ್ತು ಬಿಟ್ಟುಹೋಗಿದ್ದರೆ ಅದನ್ನೂ ತಿದ್ದಿ ಕಳಿಸುವರು. ಹೀಗೆ ನಾಲ್ಕು ವರ್ಷ ನಡೆಯಿತು. ನಲವತ್ತೆರಡನೇ ಕೀರ್ತನೆಯನ್ನು ಆ ಚರ್ಚಿನಲ್ಲಿ ಯಾರೂ ಹಾಡಲಿಲ್ಲ.

ಅದು ದೊಡ್ಡ ಸಭೆಯೇನಲ್ಲ. ಎಂಬತ್ತು ಚಿಲ್ಲರೆ ಮನೆಗಳ ಲುಥೆರನ್ ಸಭೆ, ಅದಕ್ಕೊಂದು ಚರ್ಚು, ಚರ್ಚಿನ ಗೋಡೆಗೇ ಅಂಟಿಕೊಂಡು ಒಂದು ಶಾಲೆ. ಅಜ್ಜಿ ಹತ್ತೊಂಬತ್ತನೇ ವಯಸ್ಸಿಗೆ ಆ ಶಾಲೆಯ ನಾಲ್ಕನೇ ತರಗತಿಯ ಬಾಗಿಲು ದಾಟಿ ಒಳಗೆ ಹೋದರು. ಹೊರಗೆ ಬಂದದ್ದು ಮೂವತ್ತೆಂಟು ವರ್ಷದ ಮೇಲೆ. ನಡುವೆ ಮದುವೆಯಾಯಿತು, ಮಗಳು ಹುಟ್ಟಿದಳು, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಗಂಡ ತೀರಿಕೊಂಡರು. ಗಂಡ ಬಹಳ ಮೆತ್ತಗಿನ ಮನುಷ್ಯ. ಅಜ್ಜಿಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. "ನಾನು ಊರಿಗೆಲ್ಲ ಕಾಗದ ಮುಟ್ಟಿಸ್ತೀನಿ, ಇವಳಿಗೆ ಮಾತ್ರ ಒಂದು ಮಾತು ಮುಟ್ಟಿಸೋಕಾಗಲ್ಲ" ಎಂದು ಅವರು ನಗುತ್ತಿದ್ದರು. ಅವರು ಹೋದ ಮೇಲೆ ಅಜ್ಜಿ ಒಂದು ವಾರ ರಜೆ ಹಾಕಿ, ಎಂಟನೇ ದಿನ ಸೀಮೆಸುಣ್ಣ ಹಿಡಿದು ನಿಂತರು. ಅತ್ತದ್ದನ್ನು ಯಾರೂ ನೋಡಲಿಲ್ಲ. ಆದರೆ ಆ ವರ್ಷ ನಾಲ್ಕನೇ ತರಗತಿಯಲ್ಲಿ ಯಾರಿಗೂ ಬೆತ್ತದೇಟು ಬೀಳಲಿಲ್ಲ ಎಂದು ಆಗಿನ ಮಕ್ಕಳು ಇವತ್ತಿಗೂ ಹೇಳುತ್ತಾರೆ.

ಇನ್ನು ಆ ನಲವತ್ತೆರಡರ ವಿಷಯ. ಅದಕ್ಕೆ ಅಜ್ಜಿಯೇ ಕಾರಣ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗೆ.

ಅವರು ಕೆಲಸಕ್ಕೆ ಸೇರಿ ಐದೋ ಆರೋ ವರ್ಷವಾಗಿತ್ತು. ಮಕ್ಕಳು ಹತ್ತರವರೆಗಿನ ಮಗ್ಗಿಯನ್ನು ನೀರು ಕುಡಿದಂತೆ ಹೇಳುತ್ತಿದ್ದರು. ಹನ್ನೊಂದು, ಹನ್ನೆರಡನ್ನು ಹೇಗೋ ದಾಟುತ್ತಿದ್ದರು. ಹದಿಮೂರು ಮಾತ್ರ ಕಬ್ಬಿಣದ ಕಡಲೆ. ಅದರಲ್ಲೂ ಕೊನೆಯ ಬೆಂಚಿನ ಒಬ್ಬ ಹುಡುಗ, ಗಾರೆ ಕೆಲಸದವನ ಮಗ, ಹದಿಮೂರೇಳ್ಲೆ ಬಂದ ಕೂಡಲೇ ಬಾಯಿ ತೆರೆದು ನಿಂತುಬಿಡುತ್ತಿದ್ದ. ಬೈದರೂ ಅಷ್ಟೆ, ಹೊಡೆದರೂ ಅಷ್ಟೆ. ಒಂದು ಬೆಳಿಗ್ಗೆ ಪ್ರಾರ್ಥನೆಯಲ್ಲಿ ನಲವತ್ತೆರಡನೇ ಕೀರ್ತನೆ ಹಾಡಿಸಿ ತರಗತಿಗೆ ಬಂದ ಟೀಚರಿಗೆ ಅದೇ ರಾಗ ತುಟಿಯ ಮೇಲೆ ಉಳಿದುಬಿಟ್ಟಿತ್ತು. ಐದು ಸಾಲಿನ ಕೀರ್ತನೆ. ಸಾಲಿಗೆ ಎರಡರಂತೆ ಹತ್ತು ಲೆಕ್ಕ ಅದರಲ್ಲಿ ಅಳತೆ ಕೊಟ್ಟು ಹೊಲಿಸಿದಂತೆ ಕೂತವು. ನಾಲ್ಕನೇ ಸಾಲಿನ ಮೊದಲಲ್ಲಿ ಒಂದು ಸ್ವರವನ್ನು ಉದ್ದಕ್ಕೆ ಎಳೆಯಬೇಕು. ಹದಿಮೂರೇಳ್ಲೆ ಸರಿಯಾಗಿ ಅಲ್ಲಿಗೇ ಬಂತು. ಆ ಎಳೆತದಲ್ಲಿ ಹುಡುಗನಿಗೆ ಯೋಚಿಸಲು ಸಮಯ ಸಿಕ್ಕಿತು. ಮೂರನೇ ದಿನ ಅವನು ಕಣ್ಣು ಮುಚ್ಚಿಕೊಂಡು "ತೊಂಬತ್ತೊಂದು" ಎಂದು ಹಾಡಿದಾಗ ಇಡೀ ತರಗತಿ ಚಪ್ಪಾಳೆ ಹೊಡೆಯಿತು.

ಆಮೇಲೆ ಕೇಳಬೇಕೆ? ವರ್ಷ ವರ್ಷವೂ ನಾಲ್ಕನೇ ತರಗತಿ ಹಾಡಿತು. ಅವರು ಬೆಳೆದು, ಅವರ ಮಕ್ಕಳೂ ಬಂದು ಹಾಡಿದರು. ಆ ಹುಡುಗ ದೊಡ್ಡವನಾಗಿ ಅಪ್ಪನ ಕೆಲಸವನ್ನೇ ಹಿಡಿದು ಮೇಸ್ತ್ರಿಯಾದ. ನೆಲಕ್ಕೆ ಟೈಲ್ಸ್ ಹಾಕುವಾಗ ಸದಾ ಆ ರಾಗವನ್ನು ಗುನುಗುತ್ತಿದ್ದ. ಮನೆ ಕಟ್ಟಿಸುವವರು "ನಮ್ಮ ಮೇಸ್ತ್ರಿ ಎಷ್ಟು ದೈವಭಕ್ತ!" ಎಂದುಕೊಳ್ಳುತ್ತಿದ್ದರು. ಅವನು ಸಾಲಿಗೆ ಹದಿಮೂರರಂತೆ ಟೈಲ್ಸ್ ಲೆಕ್ಕ ಹಾಕುತ್ತಿದ್ದ.

ಎಲ್ಲ ಕೆಟ್ಟದ್ದು ಅಜ್ಜಿಯ ಎಪ್ಪತ್ತನೇ ವಯಸ್ಸಿನಲ್ಲಿ, ಹಳೆಯ ಹೆಡ್‌ಮಿಸ್ಸಿನ ಶವಸಂಸ್ಕಾರದ ದಿನ. ಆಗಷ್ಟೇ ಬಂದಿದ್ದ ಹೊಸ ಪಾಸ್ಟರು ನಲವತ್ತೆರಡನೇ ಕೀರ್ತನೆ ಆರಿಸಿದರು. ಅಜ್ಜಿ ಆರ್ಗನ್ನಿನ ಪೆಡಲು ತುಳಿಯುತ್ತಾ ನುಡಿಸಿದರು. ಮುಂದಿನ ಬೆಂಚುಗಳಲ್ಲಿ ಪುಸ್ತಕ ಹಿಡಿದವರು ಸರಿಯಾಗಿಯೇ ಹಾಡಿದರು. ಹಿಂದೆ ಪುಸ್ತಕ ಸಿಗದವರು ಬಾಯಿಗೆ ಬಂದದ್ದನ್ನು ಹಾಡಿದರು. ಅವರ ಬಾಯಿಗೆ ಬಂದದ್ದು ಮಗ್ಗಿ. ಮೊದಲು ಗುಸುಗುಸು, ಆಮೇಲೆ ಧೈರ್ಯವಾಗಿ. ಹಾಡು ಮುಗಿದು ಎಲ್ಲರೂ ಸುಮ್ಮನಾದ ಮೇಲೆ ಯಾವುದೋ ಮಗು ಒಂದೇ, ಗಟ್ಟಿಯಾಗಿ "ನೂರಾ ಮೂವತ್ತು!" ಎಂದು ಮುಗಿಸಿತು. ಶವಪೆಟ್ಟಿಗೆಯ ಮುಂದೆ ಜನ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು, ಅಳುವುದಕ್ಕಲ್ಲ.

ಬಾಗಿಲಲ್ಲಿ ಪಾಸ್ಟರು ನಗುನಗುತ್ತಾ, "ಟೀಚರ್, ನಮ್ಮ ಜನ ದೇವರನ್ನ ಸ್ತುತಿಸ್ತಿದಾರೋ ಎಣಿಸ್ತಿದಾರೋ ಗೊತ್ತಾಗ್ಲಿಲ್ಲ" ಎಂದರು. ಅವರು ತಮಾಷೆಗೆಂದದ್ದು. ಅಜ್ಜಿಗೆ ಅದು ಎದೆಗೇ ನಾಟಿತು.

ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದು ಎರಡನೇ ಆಜ್ಞೆ. ಅದನ್ನು ಅವರು ಮೂವತ್ತೆಂಟು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ಈಗ ನೋಡಿದರೆ ಮೂರು ತಲೆಮಾರಿನ ಬಾಯಿಂದ ದೇವರ ಹೆಸರನ್ನು ಕಿತ್ತು ಅಲ್ಲಿ ಇಪ್ಪತ್ತಾರು, ಮೂವತ್ತೊಂಬತ್ತು ಅಂತ ತುಂಬಿಸಿದವರು ತಾವೇ. ಮರುದಿನ ಬೆಳಿಗ್ಗೆ ಮಂಡಿ ನೋಯುತ್ತಿದ್ದರೂ ಮಂಡಿಯೂರಿ ಮಾತು ಕೊಟ್ಟರು: ಇನ್ನು ಆ ರಾಗಕ್ಕೆ ಮಗ್ಗಿ ಕಲಿಸುವುದಿಲ್ಲ, ಜನ ಅದನ್ನು ಮರೆಯುವ ತನಕ ಆ ರಾಗವನ್ನು ನುಡಿಸುವುದೂ ಇಲ್ಲ. ಪಾಸ್ಟರು ಬಂದು, ನಾನು ನಗೆಮಾತು ಆಡಿದ್ದು, ದೊಡ್ಡದು ಮಾಡಬೇಡಿ ಎಂದು ಬಗೆಬಗೆಯಾಗಿ ಹೇಳಿದರು. ಗೋಡೆಗೆ ಹೇಳಿದ ಹಾಗಾಯಿತು.

ಅಜ್ಜಿಗೆ ಎಪ್ಪತ್ತನಾಲ್ಕು ತುಂಬಿದ ವರ್ಷ ಅವರ ಮೊಮ್ಮಗಳು ಅದೇ ಶಾಲೆಯ ನಾಲ್ಕನೇ ತರಗತಿಗೆ ಬಂದಳು. ಅವಳಿಗೂ ಹದಿಮೂರು ಹತ್ತಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು.

"ಅಜ್ಜೀ, ಅಮ್ಮಂಗೆ ನೀನು ಹಾಡು ಹೇಳ್ಕೊಟ್ಟಿದ್ದೆ ಅಂತೆ. ನಂಗೂ ಹೇಳ್ಕೊಡು."

"ಹಾಡಲ್ಲ, ಮಗ್ಗಿ. ಮಗ್ಗೀನ ಮಗ್ಗಿ ಥರಾನೇ ಕಲೀಬೇಕು. ಹತ್ತು ಸಲ ಬರಿ."

"ಇಪ್ಪತ್ತು ಸಲ ಬರ್ದಾಯ್ತು."

"ಹಾಗಾದ್ರೆ ಮೂವತ್ತು ಸಲ ಬರಿ."

ಒಲೆಯ ಮುಂದಿದ್ದ ಮಗಳು ತಿರುಗಿ ನೋಡಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಪಾತ್ರೆಗೆ ಹೇಳುವಂತೆ ಹೇಳಿದಳು. ಅಜ್ಜಿಗೆ ಕೇಳಿಸಿತು. ಹುಡುಗಿಯ ಬೆರಳಿಗೆ ಅಂಟಿದ ಇಂಕನ್ನು ಸೆರಗಿನ ತುದಿಯಿಂದ ಒರೆಸಿದರು. ಆದರೆ ಮಾತು ಕೊಟ್ಟದ್ದು ಮಗಳಿಗಲ್ಲವಲ್ಲ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಅದೇ ತಿಂಗಳು ಮೇಸ್ತ್ರಿಯ ಹೆಂಡತಿ ಮನೆಗೆ ಬಂದಳು. ಮೇಸ್ತ್ರಿಗೆ ಪಾರ್ಶ್ವವಾಯು ಬಡಿದು ಮೂರು ತಿಂಗಳಾಗಿತ್ತು. ಬಲಗೈ ಹೋಗಿತ್ತು, ಮಾತು ಪೂರಾ ನಿಂತಿತ್ತು. ಅವಳು ಬೇರೆ ಊರಿಂದ ಮದುವೆಯಾಗಿ ಬಂದವಳು, ಈ ಶಾಲೆಯಲ್ಲಿ ಓದಿದವಳಲ್ಲ.

"ಟೀಚರ್, ಒಂದ್ಸಲ ಮನೆಗೆ ಬನ್ನಿ. ಅವ್ರು ಕೆಲ್ಸ ಮಾಡುವಾಗ ಯಾವಾಗ್ಲೂ ಒಂದು ಕೀರ್ತನೆ ಹಾಡ್ಕೊಳ್ತಿದ್ರು. ನಂಗೆ ಮಾತುಗಳು ಗೊತ್ತಿಲ್ಲ, ರಾಗ ಹಿಂಗೆ." ಅವಳು ಗುನುಗಿದಳು. "ನೀವು ಅದನ್ನ ಹಾಡಿದ್ರೆ ಅವ್ರ ಮನಸ್ಸಿಗೆ ಸಮಾಧಾನ ಆಗ್ಬಹುದು. ಬರೀ ಗೋಡೆ ನೋಡ್ತಾ ಕೂತಿರ್ತಾರೆ. ಮೂರು ತಿಂಗಳಾಯ್ತು ಟೀಚರ್, ಒಂದು ಮಾತಿಲ್ಲ."

ಅಜ್ಜಿಗೆ ಗೊತ್ತಾಗದೇ ಇರುತ್ತದೆಯೇ ಯಾವ ರಾಗವೆಂದು. ಕಾಯಿಲೆಯವನನ್ನು ನೋಡಲು ಹೋಗದಿರುವುದು ತಪ್ಪು. ಹೋಗಿ ಆ ರಾಗ ಎತ್ತುವುದು ಇನ್ನೊಂದು ತಪ್ಪು. ಕೊನೆಗೆ, ದೇವರ ಮಾತುಗಳನ್ನೇ ಹಾಡಿದರೆ ಯಾರಿಗೆ ಏನು ನಷ್ಟ, ಮಗ್ಗಿಯನ್ನಂತೂ ಎತ್ತುವುದಿಲ್ಲ ಎಂದು ತೀರ್ಮಾನಿಸಿ, ಕೀರ್ತನೆಯ ಪುಸ್ತಕ ತೆಗೆದುಕೊಂಡರು. ಮಂಡಿ ನೋವಿನಲ್ಲಿ ರಸ್ತೆ ದಾಟುವುದು ಕಷ್ಟವೆಂದು ಮಗಳು ಮೊಮ್ಮಗಳನ್ನು ಜೊತೆಗೆ ಕಳಿಸಿದಳು.

ಮೇಸ್ತ್ರಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಅರವತ್ತರ ಆಸುಪಾಸಿನ ಮನುಷ್ಯ, ತಲೆ ಪೂರ್ತಿ ಬೆಳ್ಳಗಾಗಿತ್ತು. ಬಲಗೈ ತೊಡೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಕೈಚೀಲದಂತೆ ಬಿದ್ದಿತ್ತು. ಅಜ್ಜಿಯನ್ನು ಕಂಡು ಏಳಲು ನೋಡಿದ.

"ಕೂತ್ಕೊಳ್ಳೋ," ಎಂದು ಅಜ್ಜಿ ಗದರಿದರು. ಅವನು ಮತ್ತೆ ಗೋಡೆಯತ್ತ ತಿರುಗಿದ.

ಎದುರಿಗೆ ಕೂತು, ಪುಸ್ತಕ ತೆರೆದು, ಕೀರ್ತನೆಯ ಮೊದಲ ಸಾಲನ್ನು ಅದರ ನಿಜವಾದ ಮಾತುಗಳಲ್ಲೇ ಹಾಡಿದರು. ಮೇಸ್ತ್ರಿ ಗೋಡೆಯಿಂದ ಮುಖ ತಿರುಗಿಸಿದ. ಅವನ ತುಟಿ ಒಂದು ಪಕ್ಕಕ್ಕೆ ಎಳೆಯಿತು. ಅಜ್ಜಿ ಎರಡನೇ ಸಾಲು ಎತ್ತಿಕೊಂಡರು. ಅಷ್ಟರಲ್ಲಿ ಕುರ್ಚಿಯಿಂದ, ರಾಗಕ್ಕೆ ಸರಿಯಾಗಿ, ದಪ್ಪನೆಯ ದನಿಯೊಂದು ಎದ್ದಿತು.

"ಮೂವತ್ತೊಂಬತ್ತು."

ಅಜ್ಜಿ ಗಕ್ಕನೆ ನಿಲ್ಲಿಸಿದರು. ಬಾಗಿಲಲ್ಲಿ ಮೇಸ್ತ್ರಿಯ ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ರಾಗ ನಿಂತಿತು, ಅವನ ದನಿಯೂ ನಿಂತಿತು. ಮೇಸ್ತ್ರಿ ಅಜ್ಜಿಯ ಮುಖವನ್ನೇ ನೋಡುತ್ತಿದ್ದ. ಆ ನೋಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಪ್ಪುಹಲಗೆಯ ಮುಂದೆ ನಿಂತ ಹುಡುಗ, ಉತ್ತರ ಹೇಳಿ, ಟೀಚರ್ ಸುಮ್ಮನಿರುವುದನ್ನು ಕಂಡು, ತಪ್ಪಾಯಿತೇನೋ ಎಂದು ಹೆದರಿ ನೋಡುವ ನೋಟ. ಮೂರು ತಿಂಗಳಲ್ಲಿ ಅವನ ಬಾಯಿಂದ ಹೊರಟ ಒಂದೇ ಒಂದು ಮಾತು ಅದು, ಅದನ್ನೂ ತಾನು ತಪ್ಪು ಎನ್ನಿಸುವಂತೆ ಮಾಡಿದೆನಲ್ಲಾ ಎಂದು ಅಜ್ಜಿಗೆ ಹೊಳೆಯಿತು. ದೇವರಿಗೆ ಕೊಟ್ಟ ಮಾತು ನೆನಪಾಯಿತು. ನೆನಪಾಗಿಯೇ ಅವರು ಪುಸ್ತಕ ಮುಚ್ಚಿದರು.

"ಸರಿಯಾಗಿದೆ," ಎಂದರು. "ಮೂವತ್ತೊಂಬತ್ತೇ. ಬಾ, ಮೊದಲಿಂದ ಹೇಳೋಣ."

ಹದಿಮೂರೊಂದ್ಲೆ ಹದಿಮೂರು. ಹದಿಮೂರೆರಡ್ಲೆ ಇಪ್ಪತ್ತಾರು. ಮೇಸ್ತ್ರಿ ಜೊತೆಗೂಡಿದ. ಮಾತು ತೊದಲುತ್ತಿತ್ತು, ಲೆಕ್ಕ ತೊದಲಲಿಲ್ಲ. ಐವತ್ತೆರಡು, ಅರವತ್ತೈದು, ಎಪ್ಪತ್ತೆಂಟು. ನಾಲ್ಕನೇ ಸಾಲು ಬಂತು. ಹದಿಮೂರೇಳ್ಲೆ ಎಂದು ಅಜ್ಜಿ ಎಳೆದರು. ಅವನು ಬಾಯಿ ತೆರೆದು ನಿಂತುಬಿಟ್ಟ, ಐವತ್ತು ವರ್ಷದ ಹಿಂದೆ ನಿಂತ ಹಾಗೆಯೇ. ಅಜ್ಜಿ ಕಾದರು. ಸ್ವರವನ್ನು ಬಿಡದೆ ಎಳೆದರು. ಆದರೆ ಎಪ್ಪತ್ತನಾಲ್ಕರ ಎದೆಯಲ್ಲಿ ಎಷ್ಟು ಉಸಿರಿದ್ದೀತು? ದನಿ ಸಣ್ಣಗಾಗಿ ಇನ್ನೇನು ಕಡಿಯಬೇಕು, ಅಷ್ಟರಲ್ಲಿ ಪಕ್ಕದಿಂದ ಮೊಮ್ಮಗಳು ಅದೇ ಸ್ವರವನ್ನು ಹಿಡಿದುಕೊಂಡಳು. ಅವಳಿಗೆ ಲೆಕ್ಕ ಇನ್ನೂ ಬಾಯಿಪಾಠವಾಗಿರಲಿಲ್ಲ, ಬರೀ 'ಆ' ಎಂದು ಹಿಡಿದಳು. ಅಜ್ಜಿ ಉಸಿರು ತೆಗೆದುಕೊಂಡು ಮತ್ತೆ ಸೇರಿದರು. ಇಬ್ಬರೂ ಸೇರಿ ಅವನಿಗಾಗಿ ಆ ಸ್ವರವನ್ನು ಎತ್ತಿ ಹಿಡಿದುಕೊಂಡೇ ಇದ್ದರು.

"ತೊಂಬತ್... ತೊಂಬತ್ತೊಂದು," ಎಂದ ಮೇಸ್ತ್ರಿ.

ನೂರಾ ಮೂವತ್ತಕ್ಕೆ ಮುಟ್ಟುವಾಗ ಅವನ ಹೆಂಡತಿ ನೆಲದ ಮೇಲೆ ಕೂತು ಅಳುತ್ತಿದ್ದಳು. ಕೀರ್ತನೆಯೋ ಮಗ್ಗಿಯೋ ಅವಳಿಗೆ ಬೇಕಿರಲಿಲ್ಲ. "ಇನ್ನೊಂದ್ಸಲ ಹೇಳ್ಸಿ ಟೀಚರ್" ಎಂದಳು. ಇನ್ನೊಂದು ಸಲವಾಯಿತು. ಮೂರನೆಯ ಸಲಕ್ಕೆ ಮೊಮ್ಮಗಳೂ ಮಾತು ಸೇರಿಸಿ ಹಾಡಿದಳು, ಎಲ್ಲೂ ತಪ್ಪಲಿಲ್ಲ.

ಮೊಮ್ಮಗಳ ಕೈ ಹಿಡಿದು ಅಜ್ಜಿ ಮನೆಯ ದಾರಿ ಹಿಡಿದರು. ವ್ಯರ್ಥವಾಗಿ ಎತ್ತಬಾರದು ಎಂದಲ್ಲವೆ ಆಜ್ಞೆ? ಇವತ್ತಿನದು ವ್ಯರ್ಥವೆಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಹಾಗೆಂದು ಕೊಟ್ಟ ಮಾತು ಮುರಿದದ್ದೂ ಸುಳ್ಳಲ್ಲ. ಮನೆಗೆ ಬಂದು ಮಂಡಿಯೂರಿ ಎರಡನ್ನೂ ಮುಚ್ಚುಮರೆಯಿಲ್ಲದೆ ದೇವರ ಮುಂದೆ ಒಪ್ಪಿಸಿದರು. ಎದ್ದಾಗ ಮನಸ್ಸು ಹಗುರವಾಗಿತ್ತು. ಅಡುಗೆಮನೆಯಲ್ಲಿ ಮೊಮ್ಮಗಳು ಗಟ್ಟಿಯಾಗಿ ಹಾಡುತ್ತಿದ್ದಳು. ಅಜ್ಜಿ ಬೇಡವೆನ್ನಲಿಲ್ಲ.

ಶನಿವಾರ ಪಾಸ್ಟರ ಚೀಟಿ ಬಂತು. ಪಾಪ, ನಾಲ್ಕು ವರ್ಷದಲ್ಲಿ ಅವರೂ ಪಾಠ ಕಲಿತಿದ್ದರು. ನಲವತ್ತೆರಡು ಎಂದು ಬರೆಯುವುದನ್ನೇ ಬಿಟ್ಟಿದ್ದರು. ಅಜ್ಜಿ ಕೆಂಪು ಪೆನ್ನು ತೆಗೆದು ಅವರ ಮೊದಲ ಸಂಖ್ಯೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ನಲವತ್ತೆರಡು ಎಂದು ಬರೆದು ಕಳಿಸಿದರು.

ಭಾನುವಾರ ಮೇಸ್ತ್ರಿಯನ್ನು ಗಾಲಿಕುರ್ಚಿಯಲ್ಲಿ ತಂದು ಕೊನೆಯ ಬೆಂಚಿನ ಪಕ್ಕ ಕೂರಿಸಿದ್ದರು. ಅಜ್ಜಿ ಆರ್ಗನ್ ತುಳಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪುಸ್ತಕ ತೆರೆದು, ಎಚ್ಚರಿಕೆಯಿಂದ ದೇವರ ಮಾತುಗಳನ್ನೇ ಹಾಡಿದರು. ನಾಲ್ಕನೇ ಸಾಲಿನ ಮೊದಲಲ್ಲಿ ಅಜ್ಜಿ ಆ ಉದ್ದದ ಸ್ವರದ ಮೇಲೆ ಬೆರಳಿಟ್ಟರು. ಬೆರಳು ತೆಗೆಯಲಿಲ್ಲ. ಪುಸ್ತಕದಲ್ಲಿ ಬರೆದಷ್ಟು ಹೊತ್ತು ಆಯಿತು, ಅದರ ಎರಡರಷ್ಟಾಯಿತು. ಹಾಡುವವರ ಉಸಿರು ಮುಗಿದು ಒಬ್ಬೊಬ್ಬರೇ ನಿಂತರು. ಪಾಸ್ಟರು ತಲೆಯೆತ್ತಿ ನೋಡಿದರು. ಅಜ್ಜಿ ಪೆಡಲು ತುಳಿಯುತ್ತಲೇ, ಆ ಒಂದೇ ಸ್ವರವನ್ನು ಹಿಡಿದುಕೊಂಡು, ಕಿವಿಯನ್ನು ಕೊನೆಯ ಬೆಂಚಿಗೆ ಕೊಟ್ಟು ಕಾದರು.

"ತೊಂಬತ್ತೊಂದು," ಎಂದು ಹಿಂದಿನಿಂದ ದನಿ ಬಂತು.

ಅಜ್ಜಿ ಬೆರಳು ತೆಗೆದು ಮುಂದಿನ ಸ್ವರಕ್ಕೆ ಹೋದರು.