ಮನೆ ನೋಡುವ ಅತ್ತೆ ಮೈಸೂರು ನೋಡಿದ್ದು

ನಮ್ಮ ಸೋದರತ್ತೆಯ ಬಲಗಾಲಿನ ಹೆಬ್ಬೆರಳ ಉಗುರು ಹುಣಸೆ ಬೀಜದ ಹಾಗಿತ್ತು. ಕಪ್ಪಗೆ, ದಪ್ಪಗೆ, ಸ್ವಲ್ಪ ಮೇಲೆದ್ದು. ಯಾರದಾದರೂ ಮನೆಗೆ ಹೋದರೆ ಆಕೆ ಎದುರಿಗಿದ್ದವರ ಜೊತೆ ನಗುತ್ತ ಮಾತಾಡುತ್ತಲೇ, ಆ ಬೆರಳಿನಿಂದ ಜಮಖಾನೆಯ ಅಂಚನ್ನು ಮೆಲ್ಲಗೆ ಎತ್ತಿ, ಕೆಳಗಿನ ನೆಲ ನೋಡಿಬಿಡುತ್ತಿದ್ದಳು. ಮೇಲೆ ಜಮಖಾನೆ, ಕೆಳಗೆ ಕಸ ಇದ್ದರೆ ಮುಗಿಯಿತು. ಆ ಮನೆಗೆ ನಮ್ಮ ಓಣಿಯ ಹುಡುಗಿ ಸೊಸೆಯಾಗಿ ಹೋಗುತ್ತಿರಲಿಲ್ಲ.

ಆಕೆ ನನ್ನ ಅಪ್ಪನ ಅಕ್ಕ. ನಾನು ಕೂಸಿದ್ದಾಗಲೇ ಅವ್ವ ತೀರಿಕೊಂಡಿದ್ದರಿಂದ ಸುರಪುರದ ಆಕೆಯ ಮನೆಯಲ್ಲೇ ಬೆಳೆದೆ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹಿರಿಯರು ಗಂಡಿನ ಊರಿಗೆ ಹೋಗಿ ಮನೆ ನೋಡಿ ಬರುವ ಪದ್ಧತಿ. ಸಾಮಾನ್ಯವಾಗಿ ಗಂಡಸರೇ ಹೋಗುತ್ತಾರೆ. ಹೊಲ ಎಷ್ಟು, ನೀರಾವರಿ ಎಷ್ಟು ಎಂದು ವಿಚಾರಿಸಿ, ಮಂಡಕ್ಕಿಯ ಸುಸಲಾ ತಿಂದು, ಚಹಾ ಕುಡಿದು, ಮೀಸೆ ಒರೆಸಿಕೊಂಡು ಬರುತ್ತಾರೆ. ನಮ್ಮ ಓಣಿಯವರು ಮಾತ್ರ ಗಂಡಸರ ಮೇಲೆ ಭರವಸೆ ಇಡದೆ ಅತ್ತೆಯನ್ನೂ ಜೊತೆಗೆ ಕಳಿಸುತ್ತಿದ್ದರು. ಗಂಡಸರು ಪಡಸಾಲೆಯಲ್ಲಿ ಕೂತಿರುವಾಗ ಆಕೆ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

“ಮನಿಯಾವರು ತಮ್ಮನ್ನ ತಾವು ಬೈಕೋತಾರೇನು? ಬಾಜೂದಾವರನ್ನ ಕೇಳಬೇಕು” ಅನ್ನುತ್ತಿದ್ದಳು.

ಆಕೆಗೆ ಇನ್ನೊಂದು ನೇಮವಿತ್ತು. ಹೆಣ್ಣು ಕೊಡಬಹುದು ಎಂದು ತನ್ನ ಮನಸ್ಸು ಒಪ್ಪುವವರೆಗೆ ಆ ಊರಿನ ಒಂದು ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ನೀರಿನ ಬಾಟಲಿ ಇಟ್ಟುಕೊಂಡೇ ಹೊರಡುವಳು. ಆಕೆ ನೀರು ಕೇಳಿದಳೆಂದರೆ ಸಂಬಂಧ ಕುದುರಿತು. ಜೊತೆಗೆ ಹೋದ ಗಂಡಸರು ಎಷ್ಟೇ ದೊಡ್ಡ ಮಾತು ಆಡುತ್ತಿದ್ದರೂ ಒಂದು ಕಣ್ಣು ಅತ್ತೆಯ ಮೇಲೆಯೇ ಇಟ್ಟಿರುತ್ತಿದ್ದರು.

ಒಮ್ಮೆ ಶಹಾಪುರದ ಒಂದು ದೊಡ್ಡ ಮನೆಗೆ ಹೋಗಿದ್ದರು. ಗ್ರಾನೈಟ್ ಮೆಟ್ಟಿಲು, ಅಂಗಳದಲ್ಲಿ ಟ್ರ್ಯಾಕ್ಟರ್. ಬೆಟ್ಟದ ಕಲ್ಲು ಕಾದು ಗಾಳಿಯೂ ಸುಡುವಂಥ ಬಿಸಿಲು. ಅಂಥ ಬಿಸಿಲಲ್ಲೂ ಅತ್ತೆ ಅವರು ಕೊಟ್ಟ ಶರಬತ್ತನ್ನು ಮುಟ್ಟದೆ ಎದ್ದು ಬಂದಳು. ಹುಡುಗಿಯ ಅಪ್ಪನಿಗೆ ಬಸ್ಸಿನಲ್ಲಿ ಸಿಟ್ಟು ತಡೆಯಲಾಗಲಿಲ್ಲ. “ಏನ್ ಕಮ್ಮಿ ಅದ ಅಕ್ಕಾ ಅವರಿಗಿ?” ಎಂದು ಕೇಳಿದ.

“ಅವರ ಹಿರೀ ಸೊಸಿ ಎಲ್ಲಿ ಕುಂತು ಉಣ್ಣತಾಳ ಅಂತ ಬಾಜೂದಾಕಿನ್ನ ಕೇಳಿದೆ. ‘ನಾನೂ ನೋಡಿಲ್ಲವ್ವ’ ಅಂದಳು. ಗ್ವಾಡಿಗಿ ಗ್ವಾಡಿ ಹತ್ತ್ಯಾವ. ಇಷ್ಟು ವರ್ಷದಾಗ ಆಕಿ ಉಣ್ಣೋದು ಯಾರೂ ನೋಡಿಲ್ಲಂದ್ರ ಆಕಿ ಕುಂತು ಉಂಡೇ ಇಲ್ಲ, ತಿಳೀತಿಲ್ಲೋ?”



ಆ ಉಗುರಿನ ಕಥೆ ನನಗೆ ತಿಳಿದದ್ದು ನನ್ನ ಮದುವೆಯ ಮಾತು ಬಂದಾಗ. ಅತ್ತೆಯನ್ನು ಕೊಡುವಾಗ ಯಾರೂ ಮನೆ ನೋಡಿರಲಿಲ್ಲ. ನಮ್ಮವರೇ ಅಲ್ಲವೇ ಎಂದು ಒಂದು ಹಳ್ಳಿಗೆ ಕೊಟ್ಟುಬಿಟ್ಟಿದ್ದರು. ಹೊಸ ಸೊಸೆ ಬೀಸುವ ಕಲ್ಲು ಎತ್ತಿಡುವಾಗ ಅದು ಜಾರಿ ಕಾಲ ಮೇಲೆ ಬಿತ್ತು. ಮನೆ ತುಂಬ ಜನ. ಹಿಟ್ಟು ಚೆಲ್ಲಿತೇನು ಎಂದು ಕೇಳಿದರೇ ಹೊರತು ಯಾರೂ ಬಂದು ಕಲ್ಲು ಎತ್ತಲಿಲ್ಲ. “ಕಾಲು ನೊಂದದ್ದು ಯಾವಾಗೋ ಮರತೀನಿ. ಹಿಟ್ಟು ಕೇಳಿದ್ದು ಮರತಿಲ್ಲ ನೋಡು” ಎಂದಿದ್ದಳು. ಮುಂದೆ ಆಕೆಯ ಗಂಡ, ನಮ್ಮ ಮಾವ, ಮನೆಯಿಂದ ಬೇರೆಯಾಗಿ ಆಕೆಯನ್ನು ಕರೆದುಕೊಂಡು ಸುರಪುರಕ್ಕೆ ಬಂದ ಮೇಲೆಯೇ ಆಕೆ ಹೊಟ್ಟೆ ತುಂಬ ಉಂಡದ್ದು. ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಹೋಗುವುದು ಆಕೆಗೆ ಹೆದರಿಕೆಯ ಮಾತಾಗಿರಲಿಲ್ಲ. ನೋಡದೆ ಹೋಗುವುದು ಮಾತ್ರ ಆಕೆಗೆ ಆಗುತ್ತಿರಲಿಲ್ಲ.

ನನ್ನನ್ನು ಸೈದಾಪುರದ ತಗಡಿನ ಮನೆಗೆ ಕೊಟ್ಟಳು. ಅಲ್ಲಿ ಕೂಡುವ ಮೊದಲೇ ನೀರು ಕೇಳಿದ್ದಳಂತೆ. ಯಾಕೆ ಎಂದು ಆಮೇಲೆ ಕೇಳಿದೆ. “ನಾ ಹೋದಾಗ ನಿನ್ನ ಗಂಡ ಅವರವ್ವನ ತಲಿ ಬಾಚಾಕತ್ತಿದ್ದ. ನನ್ನ ನೋಡಿ ಹಣಗಿ ಮುಚ್ಚಿಡಲಿಲ್ಲ” ಎಂದಳು. ಇಷ್ಟು ವರ್ಷ ಸಂಸಾರ ಮಾಡಿದವಳು ನಾನು ಹೇಳುತ್ತೇನೆ, ಆಕೆಯ ಲೆಕ್ಕ ತಪ್ಪಿರಲಿಲ್ಲ.

ನನ್ನ ಗಂಡ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ನಾನು ಸೈದಾಪುರದಲ್ಲಿ ಸಣ್ಣ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮಗಳು ಐದನೆಯ ತರಗತಿ. ಗಂಡನ ಅಪ್ಪ ಅವ್ವ ಅಷ್ಟರಲ್ಲಿ ತೀರಿಕೊಂಡಿದ್ದರು. ಆಗ ಕಾರ್ಖಾನೆಯ ಮಾಲೀಕರು ಮೈಸೂರಿನ ತಮ್ಮ ಇನ್ನೊಂದು ಕಾರ್ಖಾನೆಗೆ ಗಂಡನನ್ನು ಮೇಲ್ವಿಚಾರಕನಾಗಿ ಕರೆದರು. ಬರುತ್ತೀಯೋ ಇಲ್ಲವೋ ಒಂದು ವಾರದಲ್ಲಿ ಹೇಳು ಎಂದರು.

ಗಂಡ ಕುಣಿದಾಡುವುದೊಂದು ಬಾಕಿ. ದೀಪ ಹಚ್ಚಿದ ಅರಮನೆಯ ಚಿತ್ರವನ್ನು ಮೊಬೈಲಿನಲ್ಲಿ ಮಗಳಿಗೆ ತೋರಿಸಿದ್ದೇ ತೋರಿಸಿದ್ದು. “ಜಗತ್ತಿನ ಮಂದಿ ರೊಕ್ಕಾ ಕೊಟ್ಟು ನೋಡಾಕ ಬರೋ ಊರು ಅದು. ನಮಗ ಕರದು ಕೊಡಾಕತ್ತಾರ” ಎನ್ನುತ್ತಿದ್ದರು. ನನಗೆ ಮಾತ್ರ ನಿದ್ದೆ ಹತ್ತಲೊಲ್ಲದು. ನನಗೆ ಮೈಸೂರು ಅಂದರೆ ಶಾಲೆಯ ಪ್ರವಾಸ. ಬಸ್ಸಿನಿಂದ ಇಳಿ, ಸಾಲಾಗಿ ನಿಲ್ಲು, ಆನೆ ನೋಡು, ಬಸ್ಸು ಹತ್ತು. ಅಲ್ಲಿ ತರಕಾರಿ ಕೊಂಡು ಮನೆಗೆ ಹೋಗುವ ಜನರೂ ಇರುತ್ತಾರೆ ಎಂದು ನನಗೆ ತೋಚಿರಲೇ ಇಲ್ಲ. ಸೈದಾಪುರದಲ್ಲಿ ಮಗಳಿಗೆ ಜ್ವರ ಬಂದರೆ ನಾಲ್ಕು ಮನೆಯವರು ಕೇಳಲು ಬರುತ್ತಿದ್ದರು. ಅಲ್ಲಿ ಯಾರು ಬರುತ್ತಾರೆ? ಹೋಗದಿದ್ದರೆ ಗಂಡನ ಮುಖ ಬಾಡುತ್ತದೆ, ಹೋದರೆ ನಾನು ಬಾಡುತ್ತೇನೆ. ಕೊನೆಗೆ ಇಬ್ಬರೂ ಸುರಪುರಕ್ಕೆ ಹೋದೆವು. ಅತ್ತೆ ಏನು ಹೇಳುತ್ತಾಳೋ ಅದೇ ಆಗಲಿ ಎಂದು ದಾರಿಯಲ್ಲೇ ಮಾತಾಗಿತ್ತು.

ಅತ್ತೆ ಎಲ್ಲ ಕೇಳಿದಳು. ಮೊಬೈಲಿನ ಅರಮನೆಯನ್ನೂ ನೋಡಿದಳು.

“ನೋಡಾಕ ಹೋಗೋ ಊರು ಬ್ಯಾರೆ, ಬಾಳೇ ಮಾಡೋ ಊರು ಬ್ಯಾರೆ. ಒಂದು ಹೆಣ್ಣು ಕೊಡೋ ಮುಂದನ ಮನಿ ನೋಡ್ತೀವಿ. ಇದು ಇಡೀ ಸಂಸಾರನ ಕೊಡೋದು. ನೋಡಬ್ಯಾಡೇನು?” ಎಂದಳು.

ಗಂಡನಿಗೆ ನಗು. “ಅತ್ತಿ, ಮೈಸೂರು ಏನು ವರ ಏನ್ರಿ?”

“ವರನ ಅದು. ಹ್ಯಾಂಗ ಸಿಂಗಾರ ಮಾಡ್ಕೊಂಡು ಕುಂತದ ನೋಡು. ಅದಕ್ಕ ಬಾಜೂದಾವರನ್ನ ಕೇಳಬೇಕು.”

ಹೀಗೆ ನಾವು ಮೂವರು ಯಾದಗಿರಿಯಲ್ಲಿ ರೈಲು ಹತ್ತಿದೆವು. ಮಗಳನ್ನು ಮಾವನ ಹತ್ತಿರ ಬಿಟ್ಟಿದ್ದೆವು. ಅತ್ತೆಯ ಚೀಲದಲ್ಲಿ ರೊಟ್ಟಿಯ ಗಂಟು, ಹಿಂಡಿ, ಎರಡು ದೊಡ್ಡ ಬಾಟಲಿ ನೀರು. ಮೈಸೂರಿನಲ್ಲಿ ಇಳಿದ ಕೂಡಲೇ ಗಂಡ ಬಿಸಿ ಬಿಸಿ ಕಾಫಿ ತಂದುಕೊಟ್ಟರು. ಆಕೆ ಅದನ್ನು ನನ್ನ ಕೈಗೆ ದಾಟಿಸಿ ತನ್ನ ಬಾಟಲಿಯ ಮುಚ್ಚಳ ತಿರುಗಿಸಿದಳು. ಗಂಡ ನನ್ನ ಮುಖ ನೋಡಿದರು. ಪರೀಕ್ಷೆ ಶುರುವಾಗಿದೆ ಎಂದು ಇಬ್ಬರಿಗೂ ತಿಳಿಯಿತು.

ಗಂಡನ ಹಟಕ್ಕೆ ಮೊದಲು ಅರಮನೆಗೆ ಹೋದೆವು. ಚಪ್ಪಲಿ ಹೊರಗೇ ಬಿಡಬೇಕು. ಅತ್ತೆಗೆ ಅದು ಬಹಳ ಹಿಡಿಸಿತು. ಕಂಬಗಳನ್ನು, ಬಣ್ಣದ ಗಾಜನ್ನು ಎಲ್ಲರಂತೆ ಕತ್ತೆತ್ತಿ ನೋಡುತ್ತ ಬಂದವಳು ಒಂದು ಕಡೆ ಹಗ್ಗದ ಹತ್ತಿರ ನಿಂತುಬಿಟ್ಟಳು. ಹಗ್ಗದ ಕೆಳಗಿನಿಂದ ಆ ಹುಣಸೆ ಬೀಜದ ಉಗುರು ಮೆಲ್ಲಗೆ ಮುಂದೆ ಹೋಗಿ ರತ್ನಗಂಬಳಿಯ ಅಂಚು ಎತ್ತಿತು. ಕಾವಲುಗಾರ ಓಡಿಬಂದ.

“ಅಜ್ಜಿ, ಅದನ್ನ ಮುಟ್ಟಬಾರದು.”

“ಕೈ ಹಚ್ಚಿಲ್ಲಪ್ಪ. ಕಾಲಿಲೆ ನೋಡಿದೆ.”

ಅವನಿಗೂ ನಗು ತಡೆಯಲಾಗಲಿಲ್ಲ. ಹೊರಗೆ ಬಂದ ಮೇಲೆ ಅತ್ತೆ ತೀರ್ಪು ಕೊಟ್ಟಳು: “ನೆಲ ಸ್ವಚ್ಛ ಅದ. ಆದ್ರ ಇಲ್ಲಿ ಎಲ್ಲಾರೂ ಹಾದು ಹೋಗಾವರೇ. ನಡೀರಿ, ಇರೋ ಮಂದಿ ಎಲ್ಲಿದ್ದಾರ ನೋಡೋಣು.”

ನಾವು ಬಾಡಿಗೆಗೆ ನೋಡಬೇಕೆಂದಿದ್ದ ಮನೆ ಒಂದು ಹಳೆಯ ಬೀದಿಯಲ್ಲಿತ್ತು. ಮನೆಯೊಡತಿ ಒಳ್ಳೆಯವರೇ. ಬೀಗ ತೆಗೆಯುತ್ತ ಯಾವ ಕಡೆಯವರು ಎಂದು ಕೇಳಿದರು. ಯಾದಗಿರಿ ಕಡೆ, ಸುರಪುರ ಎಂದೆ. “ಅಯ್ಯೋ ಪಾಪ, ಅಲ್ಲಿ ತುಂಬಾ ಬಿಸಿಲಲ್ವಾ? ಏನೂ ಇರಲ್ವಂತೆ” ಎಂದರು.

ಅತ್ತೆ ಗೋಡೆ ತಟ್ಟುತ್ತಿದ್ದವಳು ತಿರುಗಿದಳು. “ಪಾಪ ಯಾಕ್ರಿ? ನಮ್ದೂ ಸಂಸ್ಥಾನದ ಊರೇ. ನಮ್ಮಲ್ಲೂ ಅರಮನಿ ಅದ, ರಾಜರು ಆಳ್ಯಾರ. ಟಿಕೀಟು ಇಟ್ಟಿಲ್ಲ, ಅದಕ್ಕ ನಿಮಗ ಮಾಲೂಮಿಲ್ಲ. ಬಿಸಲು ಅದ, ಖರೆ. ಬಿಸಲಾಗ ಬಂದಾವರಿಗಿ ಕರದು ನೆಳ್ಳಿಗಿ ಕೂಡಸೋ ಮಂದೀನೂ ಅದಾರ.”

ಜಗಳದ ದನಿಯಲ್ಲ. ಅಳತೆ ಹೇಳುವ ದನಿ. ಮನೆಯೊಡತಿ “ಹಾಗಾ? ಗೊತ್ತಿರಲಿಲ್ಲ ಅಮ್ಮ” ಎಂದರು. ನನಗೆ ಎರಡು ಮೊಳ ಎತ್ತರವಾದಂತಾಯಿತು. ಆವತ್ತಿನಿಂದ ಈವತ್ತಿನವರೆಗೂ ಮೈಸೂರಿನಲ್ಲಿ ಯಾರು ಊರು ಕೇಳಿದರೂ, ಸುರಪುರ, ಸಂಸ್ಥಾನದ ಊರು ಎಂದೇ ಹೇಳುತ್ತೇನೆ.

ಒಳಗಿನ ಕೋಣೆ, ಹಿತ್ತಲು, ನಲ್ಲಿ ಎಲ್ಲ ನೋಡಿ ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನೇರವಾಗಿ ಪಕ್ಕದ ಮನೆಯ ಕಡೆ ನಡೆದಳು. ಅಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ನಮ್ಮನ್ನು ದಾರಿ ತಪ್ಪಿದ ಪ್ರವಾಸಿಗರೆಂದು ತಿಳಿದು, “ಅರಮನೆಗಾ? ಈ ಕಡೆ ಅಲ್ಲ, ವಾಪಸ್ ಹೋಗಿ ಬಲಕ್ಕೆ ತಿರುಗಿ” ಎಂದರು.

“ಅರಮನಿ ನೋಡಿ ಬಂದೀವ್ರಿ. ಈಗ ನಿಮ್ಮನ್ನ ನೋಡಾಕ ಬಂದೀನಿ” ಎಂದು ಅತ್ತೆ ಪಕ್ಕದಲ್ಲೇ ಕೂತು, ಕಂತೆಯಿಂದ ಒಂದು ಹಿಡಿ ಸೊಪ್ಪು ಎಳೆದುಕೊಂಡು ತಾನೂ ಬಿಡಿಸತೊಡಗಿದಳು. ಆ ಹೆಂಗಸು ಮೊದಲು ಗಾಬರಿಯಾದರು, ಆಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟರು. ಅದು ಇದು ಮಾತಾಯಿತು. ಆಮೇಲೆ ಅತ್ತೆ ಕೇಳಿದಳು:

“ನಿಮ್ಮ ಓಣ್ಯಾಗ ಯಾರರ ಸತ್ತರ, ಆ ಮನಿಯಾವರಿಗಿ ಊಟ ಯಾರು ತರ್ತಾರ್ರಿ?”

ಗಂಡ ಕೆಮ್ಮಿದರು. ನಾನು ಹಿಂದಿನಿಂದ ಅತ್ತೆಯ ಸೆರಗು ಜಗ್ಗಿದೆ. ಮೊದಲ ಭೇಟಿಯಲ್ಲಿ ಯಾರಾದರೂ ಇಂಥ ಮಾತು ಕೇಳುತ್ತಾರೆಯೇ? ಆ ಹೆಂಗಸಿನ ಕೈ ಸೊಪ್ಪಿನ ಮೇಲೆ ನಿಂತಿತು.

“ನಮ್ಮೆಜಮಾನ್ರು ಹೋಗಿ ಎರಡು ವರ್ಷ ಆಯ್ತಮ್ಮ” ಎಂದರು ನಿಧಾನಕ್ಕೆ. “ಎದುರು ಮನೆಯೋರು ಅನ್ನ ಸಾರು ತಂದಿಟ್ರು. ನಂಗೆ ಬೇಡ ಅಂದೆ. ಅವ್ರು ಹೋಗ್ಲೇ ಇಲ್ಲ. ನಾನು ಎರಡು ತುತ್ತು ತಿನ್ನೋವರ್ಗೂ ಬಾಗ್ಲಲ್ಲೇ ನಿಂತಿದ್ರು.”

ಅತ್ತೆ ಎದುರು ಮನೆಯ ಬಾಗಿಲನ್ನು ಒಮ್ಮೆ ನೋಡಿದಳು. ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿ ಕೈ ಝಾಡಿಸಿದಳು.

“ಒಂದು ಚರಗಿ ನೀರು ಕೊಡವ್ವ, ಕುಡೀತೀನಿ” ಎಂದಳು.

ನನಗೆ ಅಳು ಬಂದುಬಿಟ್ಟಿತು. ನಡುಬೀದಿಯಲ್ಲಿ ನಿಂತು ಮುಖಕ್ಕೆ ಸೆರಗು ಹಚ್ಚಿ ಅತ್ತುಬಿಟ್ಟೆ. ನೀರು ತಂದ ಆ ಹೆಂಗಸು ಗಾಬರಿಯಾಗಿ, “ಯಾಕೆ, ಏನಾಯ್ತು ಅವ್ರಿಗೆ?” ಎಂದರು.

“ಏನಿಲ್ರಿ, ಅತ್ತಿ ನೀರು ಕೇಳಿದ್ರು, ಅದಕ್ಕ” ಎಂದರು ನನ್ನ ಗಂಡ. ಅವರ ಕಣ್ಣೂ ಒದ್ದೆಯಾಗಿತ್ತು.

“ನೀರು ಕೇಳಿದ್ರೆ ಅಳ್ತಾರಾ?” ಎಂದು ಆಕೆ ನಮ್ಮ ಮೂವರನ್ನೂ ಸರದಿಯಂತೆ ನೋಡಿದರು. ಅತ್ತೆ ಮಾತ್ರ ಚರಿಗೆ ಎತ್ತಿ, ತುಟಿಗೆ ತಾಗಿಸದೆ, ಗಟಗಟ ಕುಡಿಯುತ್ತಿದ್ದಳು.

ಸಂಸಾರ ಕಟ್ಟಿಕೊಂಡು ಮೈಸೂರಿಗೆ ಹೊರಡುವ ಮೊದಲು ಸುರಪುರದಲ್ಲಿ ಅತ್ತೆ ನಮ್ಮನ್ನು ಕಳಿಸಿಕೊಟ್ಟದ್ದು ಗಂಡನ ಮನೆಗೆ ಮಗಳನ್ನು ಕಳಿಸುವ ಹಾಗೆಯೇ. ನನಗೂ ಮಗಳಿಗೂ ಉಡಿ ತುಂಬಿದಳು. ಜೋಳ, ಕೊಬ್ಬರಿ, ಉತ್ತತ್ತಿ, ಅರಿಶಿನ ಕೊಂಬು. ಆಮೇಲೆ ಗಂಡನ ಹೆಗಲ ಟವೆಲ್ಲು ಎಳೆದು ಅದರಲ್ಲೂ ಒಂದು ಬೊಗಸೆ ಜೋಳ ಹಾಕಿದಳು. “ಈ ಸಲ ನಿನ್ನನ್ನೂ ಕೊಡಾಕತ್ತೀನಲ್ಲಪ್ಪ” ಎಂದಳು. ಮಾವ ಹೊಸ್ತಿಲಲ್ಲಿ ನಿಂತು ನಗುತ್ತಿದ್ದರು. ನೀವಿಬ್ಬರೂ ನಮ್ಮ ಜೊತೆ ಬನ್ನಿ ಎಂದು ನಾನು ಹಟ ಹಿಡಿದರೆ, “ಮನಿ ನೋಡಾಕ ಹೋದಾಕಿ ಆ ಮನ್ಯಾಗ ಇರಾಕ ಹೋಗ್ತಾಳೇನು? ಹುಚ್ಚಿ ಅದೀ. ನಂದಿಲ್ಲಿ ಕೆಲಸ ಅದ. ಮುಂದಿನ ವಾರ ದೇವಾಪುರದಾಗ ಒಂದು ಮನಿ ನೋಡೋದದ” ಎಂದು ಬಾಯಿ ಮುಚ್ಚಿಸಿದಳು.

ಮೈಸೂರು ನಮಗೆ ಒಗ್ಗಿತು. ಒಮ್ಮೆಲೇ ಅಲ್ಲ. ಇಲ್ಲಿಯವರು ಮೆಲ್ಲಗೆ ಮಾತಾಡುತ್ತಾರೆ. ನಾನು ಮಾತಾಡಿದರೆ ಜಗಳವೇನೋ ಎಂದು ಕಿಟಕಿ ತೆರೆಯುತ್ತಿದ್ದರು. ಈಗ ತೆರೆಯುವುದಿಲ್ಲ. ಪಕ್ಕದ ಮನೆಯವರು ನನ್ನಿಂದ ಜೋಳದ ಹಿಟ್ಟು ಒಯ್ದು ರೊಟ್ಟಿ ಬಡಿಯಲು ಹೋಗಿ, ಬರದೆ, ಸಿಟ್ಟು ಮಾಡಿಕೊಂಡು ಡಬ್ಬಿಯನ್ನು ಮೇಲೆ ಎತ್ತಿಟ್ಟಿದ್ದರು. ಸುರಪುರದವರು ಯಾರಾದರೂ ಈ ಕಡೆ ಸಂಬಂಧ ನೋಡಿದರೆ ಮನೆ ನೋಡಲು ನನಗೆ ಹೇಳುತ್ತಾರೆ. ನಮ್ಮತ್ತೆಯ ಕೈಯಲ್ಲಿ ಬೆಳೆದವಳು ಎಂಬ ಒಂದೇ ಭರವಸೆಯ ಮೇಲೆ. ನನ್ನ ಉಗುರು ಬೆಳ್ಳಗಿದೆ. ಆದರೂ ಜಮಖಾನೆ ಎತ್ತುವುದು ನನಗೂ ಬರುತ್ತದೆ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಾವನ ಫೋನ್ ಬಂತು. ಅತ್ತೆ ಮಲಗಿದ್ದವಳು ಏಳಲಿಲ್ಲ. ಮಣ್ಣು ಮಾಡುವುದು ಮರುದಿನ, ನೀವು ಬಂದ ಮೇಲೆ ಎಂದರು. ರೈಲಿಗೆ ಇನ್ನೂ ಹೊತ್ತಿತ್ತು. ಗಂಡ ಟಿಕೆಟ್ಟಿಗೆ ಹೋದರು. ಮಗಳು ಅಳುತ್ತ ಬಟ್ಟೆ ತುಂಬುತ್ತಿದ್ದಳು. ನಾನು ಒಲೆ ಹಚ್ಚದೆ ಅಡಿಗೆಮನೆಯ ಗೋಡೆಗೆ ಒರಗಿ ಕೂತಿದ್ದೆ.

ಸುದ್ದಿ ತಿಳಿದು ಪಕ್ಕದ ಮನೆಯವರು ತಟ್ಟೆ ಹಿಡಿದು ಬಂದರು. ನೋಡಿದರೆ ಜೋಳದ ರೊಟ್ಟಿ. ಎತ್ತಿಟ್ಟಿದ್ದ ಡಬ್ಬಿ ಇಳಿಸಿ ಬಡಿದು ತಂದಿದ್ದರು. ದಪ್ಪ ದಪ್ಪ, ಅಂಚೆಲ್ಲ ಸೀಳಿ, ಒಂದು ಮಗ್ಗುಲು ಕರಕಾಗಿತ್ತು. ಅತ್ತೆ ಇದ್ದಿದ್ದರೆ ಇದನ್ನ ಯಾವ ಮೇಸ್ತ್ರಿ ಬಡಿದಾನ ಎಂದು ಕೇಳುತ್ತಿದ್ದಳು. ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟರು.

“ಬೇಡ್ರಿ ಅಕ್ಕ, ಇಳಿಯಂಗಿಲ್ಲ” ಎಂದೆ.

“ಇಳಿಯುತ್ತೆ. ನಿಧಾನಕ್ಕೆ ತಿನ್ನಿ” ಎಂದು ಅವರು ಹೋಗಿ ಬಾಗಿಲಿಗೆ ಒರಗಿ ನಿಂತರು.

ನಾನು ಮೊದಲು ನೀರು ಕುಡಿದೆ. ಆಮೇಲೆ ರೊಟ್ಟಿ ಮುರಿದೆ. ಎರಡು ತುತ್ತು ಹೋಗುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.