ಮರಿಯಣ್ಣನ ಕನ್ನಡಿ

೧೯೩೮ರ ಮಾಗಿಯಲ್ಲಿ, ಅರಸೀಕೆರೆ ರೈಲು ನಿಲ್ದಾಣದ ಎದುರು ಹಳೇಬೀಡಿನ ಬಸ್ಸಿಗೆ ಕಾದವರಿಗೆಲ್ಲ ಕಂಡಕ್ಟರ್ ಲಕ್ಕಪ್ಪ ಟಿಕೆಟ್ಟಿನ ಜೊತೆಗೆ ಒಂದು ಸುದ್ದಿಯನ್ನೂ ಹರಿದುಕೊಡುತ್ತಿದ್ದ.

"ಬಸ್ತಿಹಳ್ಳಿ ಮರಿಯಣ್ಣ ಇಲ್ವಾ, ಗುಡಿ ತೋರಿಸೋನು? ಮೈಸೂರು ಯೂನಿವರ್ಸಿಟಿಯೋರು ಬಂದು, ಸುಳ್ಳು ಹೇಳ್ತೀಯ ಅಂತ ಅವನ ಕನ್ನಡೀನೇ ಕಿತ್ಕೊಂಡ್ರು ಕಣ್ರೀ. ಬರಿಗೈಲಿ ಮನೆಗೆ ಹೋಗ್ತಿದ್ದದ್ನ ಈ ಕಣ್ಣಲ್ಲೇ ಕಂಡೆ!"

ಬರಿಗೈಯಲ್ಲಿ ಹೋದದ್ದು ನಿಜ. ಉಳಿದದ್ದು ಲಕ್ಕಪ್ಪನ ಒಗ್ಗರಣೆ.

ಹಳೇಬೀಡಿನ ಗುಡಿಯ ಒಳಗೆ ನಡುಹಗಲಲ್ಲೂ ಕತ್ತಲೆ. ಮರಿಯಣ್ಣ ಬಾಗಿಲ ಬಳಿಯ ಬಿಸಿಲಿನಲ್ಲಿ ನಿಂತು, ಬೀರುವಿನ ಬಾಗಿಲಿನಿಂದ ಕಳಚಿದ ಮೊಳದುದ್ದದ ಕನ್ನಡಿಯಲ್ಲಿ ಸೂರ್ಯನನ್ನು ಹಿಡಿದು ಒಳಗಿನ ವಿಗ್ರಹಗಳ ಮೇಲೆ ಚೆಲ್ಲುತ್ತಿದ್ದ. ಬೆಳಕು ಬಿದ್ದಲ್ಲಿ ಮಾತು, ಮಾತು ಮುಗಿದಲ್ಲಿ ಕತ್ತಲೆ. ಕನ್ನಡಿಯೂ ಮಾತೂ ಅವನಿಗೆ ತಂದೆಯಿಂದ ಬಂದವು. ಆ ಮಾತುಗಳಲ್ಲಿ ಹೆಸರಾದದ್ದು ಒಂದು ಕಥೆ. ಕಂಬದ ತಲೆಯಲ್ಲಿ ಕತ್ತು ಹೊರಳಿಸಿ ನಿಂತ ಹೆಣ್ಣಿನ ಮೂರ್ತಿಯಿದೆ. ಅದನ್ನು ಕಡೆಯುತ್ತಿದ್ದ ಶಿಲ್ಪಿ ದಂಡಿಗೆ ಹೋದ. ಅವನ ಹೆಂಡತಿ ತಾನೇ ಉಳಿ ಹಿಡಿದು, ಗಂಡ ಬರುವ ದಾರಿಯತ್ತ ನೋಡುವ ತನ್ನ ಮುಖವನ್ನೇ ಕಡೆದಳು. ಇದನ್ನು ಕೇಳಿ ಕಣ್ಣೊರೆಸಿಕೊಳ್ಳದ ಯಾತ್ರಿಕರಿರಲಿಲ್ಲ.

ಆ ವರ್ಷ ಇಂದುಧರ ಎಂಬ ಪ್ರೊಫೆಸರರು ಮೂವತ್ತು ವಿದ್ಯಾರ್ಥಿಗಳನ್ನು ಕರೆತಂದು, ಊರ ಶಾಲೆಯಲ್ಲಿ ಮೂರು ದಿನ ಸತ್ಯ, ಮೌಲ್ಯ, ಸಮಾಜ ಎಂದು ಉಪನ್ಯಾಸ ಕೊಟ್ಟರು. ಕೊನೆಯ ದಿನ ಗುಡಿ ತೋರಿಸಲು ಮರಿಯಣ್ಣನಿಗೆ ಹೇಳಿಕಳಿಸಿದ್ದರು. ತನ್ನನ್ನು ಗೊತ್ತುಮಾಡಿದವರು ಹೇಗಿದ್ದಾರೋ ನೋಡೋಣವೆಂದು ಅವನು ಹಿಂದಿನ ಸಂಜೆ ಶಾಲೆಯ ಕಿಟಕಿಗೆ ಬಂದು ನಿಂತ. ಪ್ರೊಫೆಸರರು ಹೇಳುತ್ತಿದ್ದರು: "ಕೇಳಿದ ಮಾತನ್ನು ಯಾರು ಹೇಳಿದರು, ಅವರಿಗೆ ಹೇಗೆ ತಿಳಿಯಿತು, ಎಂದು ವಿಚಾರಿಸಿ. ಉತ್ತರವಿಲ್ಲದಿದ್ದರೆ 'ನನಗೆ ತಿಳಿಯದು' ಎನ್ನಿ. ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ."

ಮರಿಯಣ್ಣ ಕಿಟಕಿಯಿಂದ ಹಿಂದೆ ಸರಿದ. ಶಿಲ್ಪಿಯ ಹೆಂಡತಿಯ ಕಥೆಯನ್ನು ಯಾರು ಹೇಳಿದರೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಏಳು ವರ್ಷದವನಿದ್ದಾಗ ಯಾರೋ ಅಮಲ್ದಾರರ ಮಗಳು ಕತ್ತಲೆಗೆ ಹೆದರಿ ಅಳತೊಡಗಿದಳು. ಅಪ್ಪ ಬೆಳಕನ್ನು ಮೇಲಕ್ಕೆ ಚೆಲ್ಲಿ, ನಿಂತ ನಿಲುವಿನಲ್ಲೇ ಆ ಕಥೆಯನ್ನು ಕಟ್ಟಿದ್ದ.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಕೆಂಪಲಕ್ಷ್ಮಮ್ಮ ರಾಗಿಹಿಟ್ಟು ತಿರುವುತ್ತಲೇ ನಕ್ಕಳು. "ಅಲ್ಲಾ, ನಿಮ್ಮಪ್ಪನ ಕಥೆಯಿಂದ ತಾನೇ ಈ ಒಲೆ ಉರೀತಾ ಇರೋದು? ಅದ ಬಿಟ್ರೆ ಬರೋರೆಲ್ಲ ಗುಡಿ ತೋರಿಸೋ ಆ ಜವರಣ್ಣನ ಹಿಂದೆ ಹೋಯ್ತಾರೆ. ಅವನು ಭೀಮ ಬಂದು ಕಂಬ ನೆಟ್ಟ ಅಂತಾನೂ ಹೇಳ್ತಾನೆ!"

"ಬಿಟ್ರೆ ಹೊಟ್ಟೆಪಾಡು, ಹೇಳಿದ್ರೆ ಸುಳ್ಳು. ಅದಕ್ಕೇ ಕಣೇ ನನಗೂ ದಿಗಿಲು."

"ಹಂಗಾರೆ ಆ ಬೊಂಬೆ ತಾವ ಕನ್ನಡೀನೇ ತಿರುಗಿಸ್ಬೇಡಿ."

ಮರುದಿನ ಮರಿಯಣ್ಣ ಹೆಂಡತಿಯ ಉಪಾಯವನ್ನೇ ಹಿಡಿದ. ಆದರೆ ಮೂವತ್ತು ವರ್ಷಗಳ ರೂಢಿ. ಕೈ ತಾನಾಗಿಯೇ ಆ ಕಂಬಕ್ಕೆ ತಿರುಗಿತು. ಗಾಬರಿಯಲ್ಲಿ ಅವನು ಕನ್ನಡಿಯನ್ನು ತಗ್ಗಿಸಿದ. ಬೆಳಕು ಮುಖದಿಂದ ಜಾರಿ, ಇದುವರೆಗೆ ಅವನಾಗಲಿ ಅವನ ಅಪ್ಪನಾಗಲಿ ಎಂದೂ ಬೆಳಗಿಸದ ಪಾದದ ಮೇಲೆ ನಿಂತಿತು.

"ಅಲ್ಲಿ ಏನೋ ಬರೆದಿದೆ!" ಎಂದಳು ಲಲಿತಮ್ಮ ಎಂಬ ವಿದ್ಯಾರ್ಥಿನಿ.

ಇಂದುಧರರು ಕನ್ನಡಕ ಸರಿಮಾಡಿಕೊಂಡು, ಹಳಗನ್ನಡದ ಅಕ್ಷರಗಳನ್ನು ಕೂಡಿಸಿ ಓದಿದರು. ಅದು ಕಡೆದವನ ಹೆಸರು, ಜೊತೆಗೆ ಅವನ ತಂದೆಯ ಹೆಸರು. "ಈ ಮೂರ್ತಿಯ ಬಗ್ಗೆ ನೀವೇನು ಹೇಳುತ್ತೀರಿ, ಮರಿಯಣ್ಣನವರೇ?"

ಅರವತ್ತು ಕಣ್ಣುಗಳು ಅವನ ಮೇಲೆ. ಮರಿಯಣ್ಣ ಒಂದು ಗಳಿಗೆ ಕನ್ನಡಿಯ ಅಂಚನ್ನು ಒರೆಸಿದ.

"ಹೆಂಗಸು ಕಡೆದದ್ದು ಅಂತ ಹೇಳ್ತಿದ್ದೆ, ಸ್ವಾಮಿ. ಅದು ನಮ್ಮಪ್ಪ ಕಟ್ಟಿದ ಕಥೆ. ಒಂದು ಮಗು ಅಳ್ತಿತ್ತು, ಅದಕ್ಕೆ. ನಿಜ ಏನೋ ನನಗೆ ಗೊತ್ತಿಲ್ಲ."

ಲಲಿತಮ್ಮ ಕೇಳಿದಳು: "ಮಗು ಸುಮ್ಮನಾಯಿತೆ?"

"ತಕ್ಷಣ ಸುಮ್ಮನಾಯ್ತು ಕಣಮ್ಮ. ಹೋಗೋವಾಗ ಬೊಂಬೆಗೆ ಕೈ ಮುಗೀತು."

ಎಲ್ಲರೂ ನಕ್ಕರು, ಪ್ರೊಫೆಸರರೇ ಹೆಚ್ಚು ನಕ್ಕರು. "ಹಾಗಾದರೆ ಆ ಕಥೆಯನ್ನೂ ಹೇಳಿ. ಯಾರು ಕಟ್ಟಿದ್ದು ಎಂಬುದನ್ನು ಮಾತ್ರ ಬಿಡಬೇಡಿ."

ಕಥೆ ಮುಗಿಯುವುದೇ ತಡ, ಇನ್ನಾವ ಪಾದದ ಕೆಳಗೆ ಯಾರ ಹೆಸರಿದೆಯೋ ಎಂಬ ಹುಚ್ಚು ವಿದ್ಯಾರ್ಥಿಗಳಿಗೆ ಹಿಡಿಯಿತು. ಕನ್ನಡಿ ಕೈಯಿಂದ ಕೈಗೆ ಹೋಯಿತು. ಒಳಗಿನ ಕಂಬಗಳಾದ ಮೇಲೆ ಉತ್ತರದ ನೆರಳಿನ ಗೋಡೆಗೂ ಹೋಯಿತು. ಬಿಸಿಲು ಇಳಿಯುವವರೆಗೂ ಅವರು ಮಂಡಿಯೂರಿ ಹುಡುಕಿದರು. ಮರಿಯಣ್ಣ ಕಾದು ಕಾದು ಹಸಿವು ತಡೆಯಲಾರದೆ ಊಟಕ್ಕೆ ಹೊರಟ. ಲಕ್ಕಪ್ಪನ ಬಸ್ಸು ಅವನನ್ನು ದಾಟಿದ್ದು ಆಗಲೇ. ಸಂಜೆ ಇಬ್ಬರು ಹುಡುಗರು ಕನ್ನಡಿಯನ್ನು ಟವೆಲಿನಲ್ಲಿ ಸುತ್ತಿ ಬಸ್ತಿಹಳ್ಳಿಗೆ ತಂದುಕೊಟ್ಟರು. ಕೆಂಪಲಕ್ಷ್ಮಮ್ಮ ಅವರಿಗೆ ಮಜ್ಜಿಗೆ ಕೊಟ್ಟು, ಒಡೆದಿಲ್ಲವಷ್ಟೆ ಎಂದು ನಾಲ್ಕು ಮೂಲೆಯನ್ನೂ ನೋಡಿಯೇ ಒಳಗಿಟ್ಟಳು.

ಈಗ ೧೯೪೧. ಯಾತ್ರಿಕರಲ್ಲಿ ಅರ್ಧದಷ್ಟು ಜನ ಜವರಣ್ಣನ ಹಿಂದೆ ಹೋಗುತ್ತಾರೆ. ಮೈಸೂರಿನಿಂದ ಬಂದವರು ಮರಿಯಣ್ಣ ಎಲ್ಲಿ ಎಂದು ಕೇಳುತ್ತಾರೆ. ಅವನು ಮೊದಲು ಪಾದ, ಆಮೇಲೆ ಮುಖ ತೋರಿಸಿ, ಅಪ್ಪನ ಹೆಸರು ಹೇಳಿಯೇ ಕಥೆ ಹೇಳುತ್ತಾನೆ. ಒಲೆ ಉರಿಯುತ್ತಿದೆ. ಲಕ್ಕಪ್ಪ ಮಾತ್ರ ತನ್ನ ಸುದ್ದಿಯನ್ನು ಇನ್ನೂ ತಿದ್ದಿಕೊಂಡಿಲ್ಲ.